ಹಳ್ಳ ಬಂದಿತ್ತು ಸಾರ್

ಹಾಜರಿ ಕೂಗುವ ಹೊತ್ತಿಗೆ ನೀರು ಸೋರಿಸಿಕೊಂಡು ಬಾಗಿಲಲ್ಲಿ ನಿಂತು ಇಷ್ಟು ಹೇಳಿದರೆ ಸಾಕಿತ್ತು. ಮೇಷ್ಟ್ರು ಮುಂದೆ ಏನೂ ಕೇಳುತ್ತಿರಲಿಲ್ಲ. "ಹೋಗು, ಒಲೆ ಹತ್ರ ಕೂತು ಬಾ" ಅನ್ನುತ್ತಿದ್ದರು ಅಷ್ಟೇ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಅದರಲ್ಲೂ ಆಗುಂಬೆ ಕಡೆ ಹೈಸ್ಕೂಲು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಮಿಕ್ಕಿ ಮಳೆ. ಜೂನ್ ಕೊನೆಗೆ ಆರಿದ್ರೆ ಹಿಡಿಯಿತು ಅಂದರೆ ಅದರ ಹಿಂದೆಯೇ ಪುನರ್ವಸು, ಪುಷ್ಯ. ಅಣ್ಣನ ಮಳೆ, ತಮ್ಮನ ಮಳೆ ಅಂತ ನಮ್ಮಜ್ಜಿ ಕರೆಯುತ್ತಿದ್ದಳು, ಅಣ್ಣ ನಿಲ್ಲಿಸಿದರೆ ತಮ್ಮ ಶುರು. ಮನೆಯಲ್ಲಿ ಬಚ್ಚಲ ಒಲೆ ಮೇಲೆ ಒಣಗಿಸಿದ ಯೂನಿಫಾರ್ಮ್ ಹಾಕಿಕೊಂಡು ಹೊರಟರೆ, ಎರಡು ತಿರುವು ದಾಟುವುದರೊಳಗೆ ಮತ್ತೆ ಒದ್ದೆ. ಇಡೀ ಕ್ಲಾಸಿನಲ್ಲಿ ಹೊಗೆ ವಾಸನೆ ಇರುತ್ತಿತ್ತು. ಈಗಲೂ ಯಾರದೋ ಕಂಬಳಿಯಿಂದ ಆ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ನಮ್ಮ ಎಂಟನೇ ಕ್ಲಾಸು.

ನಾನು ಸೇರಿದ್ದು 2008ರಲ್ಲಿ. ಆ ವರ್ಷವೇ ಸರ್ಕಾರದ ಸೈಕಲ್ ಬಂತು. ನನ್ನದು ಅಂತ ಒಂದು ಸೈಕಲ್! ಮೊದಲ ದಿನ ಅದನ್ನು ತುಳಿಯಲಿಲ್ಲ, ತಳ್ಳಿಕೊಂಡೇ ಮನೆಗೆ ಹೋದೆ, ಕೆಸರು ಹಾರಬಾರದು ಅಂತ. ಎರಡನೇ ದಿನ ತುಳಿದೆ. ನಮ್ಮೂರಿನ ಇಳಿಜಾರು ಗೊತ್ತಲ್ವಾ, ಮೇಲಿನಿಂದ ಬಿಟ್ಟರೆ ನೇರ ಗದ್ದೆ ಬಯಲಿಗೆ ತಂದು ಹಾಕುತ್ತದೆ. ಚಕ್ರದ ರಿಮ್ ಒದ್ದೆಯಾದರೆ ಬ್ರೇಕಿನ ರಬ್ಬರ್ ಹಿಡಿಯುವುದಿಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ. ಹಿಡಿದೆ, ಹಿಡಿದೆ, ಜೋರಾಗಿ ಹಿಡಿದೆ, ಸೈಕಲ್ ಹೋಗುತ್ತಲೇ ಇತ್ತು. ತಿರುವಿನಲ್ಲಿ ರಸ್ತೆ ಎಡಕ್ಕೆ ಹೋಯಿತು, ನಾನು ನೆಟ್ಟಗೆ ಹೋದೆ. ಕೆಳಗೆ ನೆಟ್ಟಿ ನಡೆಯುತ್ತಿತ್ತು. ಕೊಪ್ಪೆ ಹಾಕಿಕೊಂಡು ಬಗ್ಗಿದ್ದ ಹೆಂಗಸರ ಸಾಲಿನ ಪಕ್ಕ, ಆಗಷ್ಟೇ ನೆಟ್ಟ ಸಸಿಯ ಮೇಲೆ ಧೊಪ್ ಅಂತ ಬಿದ್ದೆ.

"ಸಸಿ ಮೇಲೇ ಬಿದ್ಯಲ್ಲೋ ಮಾರಾಯ!" ಅಂತ ಒಬ್ಬರು ಕೂಗಿದರು. ಮರುಕ್ಷಣವೇ ಅವರೇ ಓಡಿ ಬಂದು, "ಪೆಟ್ಟಾಯ್ತನಾ ಮಗಾ?" ಅಂತ ಎತ್ತಿ ನಿಲ್ಲಿಸಿದರು. ಅಗಳಿನ ನೀರಲ್ಲಿ ಮಂಡಿ ತೊಳೆದರು. ಅಷ್ಟರಲ್ಲಿ ಉಳಿದವರು ನಾನು ಬಿದ್ದ ಜಾಗದ ಸಸಿಯನ್ನು ಒಂದೊಂದಾಗಿ ಎತ್ತಿ ಮತ್ತೆ ಊರಿಬಿಟ್ಟಿದ್ದರು. ಆ ಗದ್ದೆ ನವೆಂಬರ್‌ನಲ್ಲಿ ಹಳದಿಯಾಗುವವರೆಗೂ ನಾನು ದಿನಾ ಆ ಮೂಲೆ ನೋಡಿಕೊಂಡೇ ಹೋಗುತ್ತಿದ್ದೆ. ಅಲ್ಲೂ ಚೆನ್ನಾಗಿಯೇ ತೆನೆ ಬಂತು.

ಇಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ವಿಷಯ ಬಿಡುವ ಹಾಗಿಲ್ಲ. ಕಾಡುದಾರಿಯಲ್ಲಿ ಬರುವವರೆಲ್ಲ ಸುಣ್ಣ, ಹೊಗೆಸೊಪ್ಪು ಬಟ್ಟೆಗೆ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡು ಬರುತ್ತಿದ್ದೆವು. ಆದರೂ ಒಂದಾದರೂ ಶಾಲೆಗೆ ಬಂದೇ ಬರುತ್ತಿತ್ತು. ಒಂದು ದಿನ ಗಣಿತದ ಪಿರಿಯಡ್‌ನಲ್ಲಿ ನನ್ನ ಬೆಂಚಿನ ಗೆಳೆಯನ ಬಿಳಿ ಶರ್ಟ್ ಹೊಟ್ಟೆಯ ಹತ್ತಿರ ಕೆಂಪಾಯಿತು. ಹಿಂದಿನ ಬೆಂಚಿನವರು ನೋಡಿ ಕಿರುಚಿದರು. ಅವನಿಗೆ ನೋವೇ ಇಲ್ಲ, ನಮ್ಮ ಗಾಬರಿ ನೋಡಿ ಅವನಿಗೆ ಗಾಬರಿ. ಶರ್ಟ್ ಎತ್ತಿದರೆ ಕುಡಿದು ದ್ರಾಕ್ಷಿ ಹಣ್ಣಿನ ಹಾಗೆ ಉಬ್ಬಿದ ಇಂಬಳ ಪಟ್ ಅಂತ ನೆಲಕ್ಕೆ ಬಿತ್ತು. ಪಕ್ಕದ ಕ್ಲಾಸಿನಿಂದ ವಿಜ್ಞಾನದ ಮೇಡಂ ಬಂದರು. ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಒಂದು ರಸ ಬಿಡುತ್ತದೆ, ಅದಕ್ಕೇ ಅದು ಬಿಟ್ಟ ಮೇಲೂ ಸೋರುತ್ತದೆ ಅಂತ ಅಲ್ಲೇ ನಿಂತು ವಿವರಿಸಿದರು. ಪುಸ್ತಕದಲ್ಲಿ ಓದಿದ್ದು ಎಷ್ಟೋ ಮರೆತಿದೆ, ಇದು ಮರೆತಿಲ್ಲ.

ಈಗ ಹಳ್ಳದ ಕಥೆ. ಮನೆಗೂ ಶಾಲೆಗೂ ನಡುವೆ ಒಂದು ಸಂಕ. ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ್ದು, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ, ಸೋಪು ಹಚ್ಚಿದ ಹಾಗೆ. ನೀರು ಸಂಕಕ್ಕೆ ಒಂದು ಮೊಳ ಹತ್ತಿರ ಬಂದರೆ ವಾಪಸ್ ಬರಬೇಕು ಅಂತ ಅಪ್ಪನ ಕಟ್ಟಪ್ಪಣೆ. 2009ರ ಜುಲೈನಲ್ಲಿ ಒಂದು ಬೆಳಿಗ್ಗೆ ನೀರು ಇನ್ನೂ ಕೆಳಗೇ ಇತ್ತು. ನಡುವಿನಲ್ಲಿದ್ದಾಗ ಗಾಳಿಗೆ ಕೊಡೆ ಮಗುಚಿತು. ಕೊಡೆ ಹಿಡಿಯಲೋ ಗಳ ಹಿಡಿಯಲೋ ಅನ್ನುವಷ್ಟರಲ್ಲಿ ಬ್ಯಾಗಿನ ಜಿಪ್ಪು ಬಿಚ್ಚಿ ಜಾಮಿಟ್ರಿ ಬಾಕ್ಸ್ ಕೆಳಗೆ ಹೋಯಿತು. ನಾನು ಗಳ ಹಿಡಿದುಕೊಂಡೆ. ಹೊಸ ಬಾಕ್ಸು, ಅಮ್ಮ ತೀರ್ಥಹಳ್ಳಿ ಪೇಟೆಯಿಂದ ತಂದಿದ್ದು. ಸುತ್ತಿ ಸುತ್ತಿ ಹೋಗುವುದನ್ನು ನೋಡುತ್ತಾ ನಿಂತು ಅಳು ಬಂತು.

ಶಾಲೆಗೆ ಹೋದಾಗ ಬಿಸಿಯೂಟದ ಅಕ್ಕ ಏನೂ ಕೇಳದೆ ಒಲೆ ಹತ್ತಿರ ಮಣೆ ಹಾಕಿದರು. ಗ್ಯಾಸ್ ಇದ್ದರೂ ಮಳೆಗಾಲದಲ್ಲಿ ನೀರು ಕಾಯಿಸಲು ಅವರು ಸೌದೆ ಒಲೆ ಹಚ್ಚುತ್ತಿದ್ದರು. ಅದು ನೀರಿಗಿಂತ ಜಾಸ್ತಿ ನಮಗಾಗಿಯೇ ಅಂತ ನಾನು ನಂಬಿದ್ದೇನೆ. ನನ್ನ ನೋಟ್‌ಬುಕ್‌ಗಳನ್ನು ಪುಟ ಬಿಡಿಸಿ ಒಲೆಯ ದಂಡೆಯ ಮೇಲೆ ನಿಲ್ಲಿಸಿದರು, ಹಪ್ಪಳ ಒಣಗಿಸಿದ ಹಾಗೆ. ಬಿಸಿ ಬಿಸಿ ತಿಳಿಸಾರು ಒಂದು ಲೋಟ ಕೊಟ್ಟರು. ಅಂಥ ಸಾರು ಆಮೇಲೆ ನಾನು ಎಲ್ಲೂ ಕುಡಿದಿಲ್ಲ.

ಹತ್ತನೇ ಕ್ಲಾಸಿನ ಚಳಿಗಾಲದಲ್ಲಿ ಕುಂದಾದ್ರಿಗೆ ಹೋದೆವು. 800 ಮೀಟರ್‌ಗೂ ಎತ್ತರದ ಒಂಟಿ ಬಂಡೆ ಬೆಟ್ಟ, ಮೇಲೆ ಪಾರ್ಶ್ವನಾಥ ಬಸದಿ. ರಸ್ತೆ ಇದೆ, ಆದರೆ ನಾವು ಮೂವರು ಕಾಲುದಾರಿ ಹಿಡಿದು ಕವಲು ತಪ್ಪಿಸಿಕೊಂಡೆವು. ಮಂಜಿನಲ್ಲಿ ಹತ್ತು ಹೆಜ್ಜೆ ಮುಂದಿನ ಮರ ಕಾಣುತ್ತಿರಲಿಲ್ಲ. ಪಿ.ಟಿ. ಮೇಷ್ಟ್ರು ಮೇಲಿನಿಂದ ಬಿಟ್ಟೂ ಬಿಟ್ಟೂ ಸೀಟಿ ಊದಿದರು, ಆ ಸದ್ದು ಹಿಡಿದು ಪೊದೆ ನುಗ್ಗಿ ಮೇಲೆ ಬಂದೆವು. ಬೈಯಲಿಲ್ಲ. ಮೂವರ ತಲೆ ಎಣಿಸಿ, ಚಿತ್ರಾನ್ನ ಕೈಗೆ ಕೊಟ್ಟರು. ಆಚಾರ್ಯ ಕುಂದಕುಂದರ ಹೆಸರಿನ ಬೆಟ್ಟ ಇದು ಅಂತ ಕನ್ನಡ ಮೇಷ್ಟ್ರು ಹೇಳುತ್ತಿರುವಾಗ ಮಂಜು ಸರಿಯಿತು. ಕೆಳಗೆ ಕಾಡು, ತುಂಡು ತುಂಡು ಗದ್ದೆ, ತೋಟ. ನಮ್ಮ ಶಾಲೆ ಅದು, ಅಲ್ಲ ಇದು ಅಂತ ಎಲ್ಲರೂ ಬೆರಳು ತೋರಿಸಿದೆವು. ನಾನು ನಮ್ಮ ಹಳ್ಳ ಹುಡುಕಿದೆ. ಸಿಗಲಿಲ್ಲ.

ಸಂಜೆ ವಾಪಸ್ ಬರುವಾಗ ಸಂಕದ ಹತ್ತಿರ ನಿಂತೆವು. ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ. "ನಿನ್ನ ಬಾಕ್ಸ್ ಇಲ್ಲೇ ಎಲ್ಲೋ ಇರತ್ತೆ ಕಣೋ" ಅಂದ ಬೆಂಚಿನ ಗೆಳೆಯ. ಒಂದೂವರೆ ವರ್ಷವಾಗಿತ್ತು, ಆದರೂ ಮೂವರೂ ಪ್ಯಾಂಟು ಮಡಚಿ ಇಳಿದೆವು. ಕತ್ತಲಾಗುವವರೆಗೂ ಒಂದೊಂದೇ ಕಲ್ಲು ಎತ್ತಿ ನೋಡಿದೆವು. ಬಾಕ್ಸ್ ಸಿಗಲಿಲ್ಲ. ಏಡಿ ಹನ್ನೊಂದು ಸಿಕ್ಕವು.