ಬೆಟ್ಟದಲ್ಲಿ ಕಲಿತ ಪರಿಸರ ಪಾಠ

ಡಿಗ್ರಿಯಲ್ಲಿ ಪರಿಸರ ಅಧ್ಯಯನ ಅಂದರೆ ಪಾಸಾದರೆ ಸಾಕು ಅನ್ನೋ ಪೇಪರ್ ಅಲ್ವಾ? 1991ರಲ್ಲಿ ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದ್ದರಿಂದ ಅದು ಎಲ್ಲರಿಗೂ ಕಡ್ಡಾಯವಾಯಿತು. ಶಿರಸಿಯ ನಮ್ಮ ಕಾಲೇಜಿನಲ್ಲಿ ಅದನ್ನು ಕಲಿಸಿದ ಸರ್ ಮಾತ್ರ ಸುಮ್ನೆ ನೋಟ್ಸ್ ಬರೆಸಿ ಮುಗಿಸಲಿಲ್ಲ.

ಒಂದು ಶನಿವಾರ ನಮ್ಮನ್ನು ಅಕೇಶಿಯಾ ಪ್ಲಾಂಟೇಶನ್‌ಗೆ ಕರೆದುಕೊಂಡು ಹೋದರು. ನೆಲದ ಮೇಲೆ ಹಗ್ಗದಿಂದ ಒಂದು ಮೀಟರಿನ ಚೌಕ ಹಾಕಬೇಕು, ಒಳಗಿರುವುದನ್ನೆಲ್ಲ ಬರೆದುಕೊಳ್ಳಬೇಕು. ಸುರುಟಿದ ಒಣ ಎಲೆ, ಅದರ ಕೆಳಗೂ ಅದೇ ಎಲೆ. ಕೊಳೆತದ್ದು ತೀರಾ ಕಡಿಮೆ. ರಸ್ತೆ ದಾಟಿದರೆ ಸೊಪ್ಪಿನ ಬೆಟ್ಟ, ಅಂದರೆ ಅಡಿಕೆ ತೋಟದವರು ಗೊಬ್ಬರಕ್ಕೆ ಸೊಪ್ಪು ತರುವ ಕಾಡು. ಅಲ್ಲಿ ದರಕು (ಉದುರಿದ ಒಣ ಎಲೆ) ಸರಿಸಿದರೆ ಕೆಳಗೆ ಕಪ್ಪು ಮಣ್ಣು, ಬೆರಳಿಗೆ ತಂಪು. ಎಲೆಗಳ ನಡುವೆ ಬಿಳಿ ಬೂಸ್ಟಿನ ಎಳೆಗಳು, ಎರೆಹುಳ, ಮತ್ತಿ, ಹೊನ್ನೆ ಮರಗಳ ಪುಟ್ಟ ಸಸಿಗಳು. ಅಕೇಶಿಯಾ ಕೆಟ್ಟದ್ದು ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟೆವು.

ಅಷ್ಟರಲ್ಲಿ ಕಟ್ಟಿಗೆ ಹೊರೆ ಹೊತ್ತ ಒಬ್ಬ ಅಮ್ಮ ಬಂದರು. ಸರ್ ಅವರನ್ನು ಮಾತಾಡಿಸಿದರು. “ತೋಟ ಇದ್ದವರಿಗೆ ಬೆಟ್ಟ ಇದ್ದು, ಸೊಪ್ಪು ತರ್ತಾರೆ. ನಮಗೆ ತೋಟವೂ ಇಲ್ಲ, ಬೆಟ್ಟವೂ ಇಲ್ಲ. ಈ ಅಕೇಶಿಯಾ ಇಲ್ದಿದ್ರೆ ಒಲೆಗೆ ಎಂತ ಹಾಕೋದು?” ಅಂದರು ಆಕೆ. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅಡಿಕೆ ತೋಟದವರ ಮಕ್ಕಳೇ ಜಾಸ್ತಿ ಇದ್ದೆವು. “ಸಸಿಗಳ ಲೆಕ್ಕದ ಪಕ್ಕದಲ್ಲೇ ಈ ಮಾತನ್ನೂ ಬರೆಯಿರಿ” ಅಂದರು ಸರ್.

ಮುಂದಿನ ಕ್ಲಾಸಿನಲ್ಲಿ ಅಪ್ಪಿಕೋ ಚಳವಳಿಯ ಪಾಠ. 1983ರ ಸೆಪ್ಟೆಂಬರ್‌ನಲ್ಲಿ ನಮ್ಮ ಶಿರಸಿ ಕಡೆಯ ಸಾಲ್ಕಣಿಯ ಜನ ಕಡಿಯೋದನ್ನು ತಡೆಯಲು ಮರ ಅಪ್ಪಿಕೊಂಡ ಕತೆ ನಮಗೆ ಹೊಸದಲ್ಲ. ಮನೆಯಲ್ಲಿ ಕೇಳಿಯೇ ಬೆಳೆದವರು. ಆದರೆ ಸರ್ ಕೇಳಿದ ಪ್ರಶ್ನೆ ಬೇರೆ. ಕಾಡು ಕಡಿದು ತೇಗ, ನೀಲಗಿರಿ ನೆಟ್ಟಾಗ ಲಾಭ ಯಾರಿಗೆ ಹೋಯಿತು, ಸೊಪ್ಪು, ಜೇನು, ಹಳ್ಳದ ನೀರು ಯಾರ ಪಾಲಿಗೆ ಇಲ್ಲವಾಯಿತು? ಉಳಿದ ಕಾಡಿನಲ್ಲಿ ಆ ಕಟ್ಟಿಗೆ ಅಮ್ಮನ ಪಾಲು ಎಷ್ಟು? ಇಂಥ ಪ್ರಶ್ನೆ ಯಾವ ಗೈಡಿನಲ್ಲೂ ಇರಲಿಲ್ಲ.

ನಾನೀಗ ತೋಟ ನೋಡಿಕೊಂಡು ಊರಲ್ಲೇ ಇದ್ದೇನೆ. ಈಗ ಈ ಪೇಪರ್ ಕಲಿಸುವ ಸರ್, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಬೆಟ್ಟಕ್ಕೆ ಕರೆತನ್ನಿ. ಅಕ್ಕಪಕ್ಕದ ಕೇರಿಯವರನ್ನೂ ಮಾತಾಡಿಸಲಿ. ನಮ್ಮ ಬೆಟ್ಟಕ್ಕೇ ಬನ್ನಿ, ವಾಹನದ ಖರ್ಚು, ಮಧ್ಯಾಹ್ನದ ಊಟ ನನ್ನದು.