ಸ್ನೋಬೋರ್ಡ್ ಮಾಡೋಕೆ ಅಂತ ಹೋಗಿ ಸೇಬಿನ ತೋಟದಲ್ಲಿ ಕೂತಿದ್ದು

ನಮ್ಮ ಕಡೆ ಟ್ರಿಪ್ ಅಂದ್ರೆ ದುಡ್ಡಿನ ಮಾತಿಗಿಂತ ಮುಂಚೆ ಬರೋ ಪ್ರಶ್ನೆ ಕುಯ್ಲು ಮುಗೀತಾ ಅನ್ನೋದು. ಭಾವಂದು ಮೂಡಿಗೆರೆ ಹತ್ರ ಕಾಫಿ ತೋಟ, ಅರೇಬಿಕಾ ಜೊತೆ ಒಂಚೂರು ರೋಬಸ್ಟಾ ಬೇರೆ ಇದೆ, ಅದರ ಕುಯ್ಲು ಮುಗಿದು ಸ್ಪ್ರಿಂಕ್ಲರ್ ಓಡಿಸಿ ಆಗೋ ತನಕ ಅವರು ಗೇಟ್ ದಾಟಲ್ಲ. ಹಂಗಾಗಿ ಮಾರ್ಚ್ ಅಂತ ಫಿಕ್ಸ್ ಆಯ್ತು. ಹೋಗೋರು ಯಾರ್ಯಾರು ಅಂದ್ರೆ, ವರ್ಷಾ ವರ್ಷಾ ಗುಲ್ಮಾರ್ಗ್‌ಗೆ ಹೋಗಿ ಸ್ನೋಬೋರ್ಡ್ (ಎರಡೂ ಕಾಲು ಕಟ್ಕೊಂಡು ಹಿಮದ ಮೇಲೆ ಜಾರೋ ಹಲಗೆ) ಮೇಲೆ ಹಾರಾಡೋ ನನ್ನ ಫ್ರೆಂಡ್, ಬಿದ್ದು ಎದ್ದು ಹೆಂಗೋ ಕೆಳಗೆ ಬರೋ ನಾನು, ಸ್ಕೇಟ್‌ಬೋರ್ಡ್ ಗೊತ್ತಿರೋದ್ರಿಂದ ಎಲ್ಲ ಗೊತ್ತು ಅನ್ಕೊಂಡಿದ್ದ ಅಕ್ಕನ ಮಗ, ಹಿಮ ಅಂದ್ರೆ ಟಿವಿಲಿ ಮಾತ್ರ ನೋಡಿದ್ದ ಅಕ್ಕ, ಆಮೇಲೆ "ನಾನು ಸುಮ್ನೆ ಕೂತ್ಕೊಂಡು ನೋಡ್ತೀನಿ" ಅಂದ ಭಾವ.

ಫ್ರೆಂಡಿಗೆ ಜಪಾನ್ ಆಸೆ. ನಿಸೆಕೋದಲ್ಲಿ ರೂಮ್ ರೇಟ್ ನೋಡಿ ಅಕ್ಕ ಫೋನ್ ವಾಪಸ್ ಕೊಟ್ಲು. ಯುರೋಪ್ ಅಂದ್ರೆ ಶೆಂಗೆನ್ ವೀಸಾ ಫೀಸಲ್ಲೇ ಅರ್ಧ ಉಸಿರು ಹೋಗತ್ತೆ. ಜಾರ್ಜಿಯಾದ ಗುಡೌರಿ ಚೆನ್ನಾಗಿದೆ ಅಂತಾರೆ, ಅದಕ್ಕೂ ವೀಸಾ ಅರ್ಜಿ ಹಾಕ್ಬೇಕು. ಕೊನೆಗೆ ಉಳಿದಿದ್ದು ಕಜಕಿಸ್ತಾನದ ಶಿಂಬುಲಾಕ್ ಅನ್ನೋ ಸ್ಕೀ ಜಾಗ. ನಮ್ಮ ಪಾಸ್‌ಪೋರ್ಟಿಗೆ 14 ದಿನದ ತನಕ ವೀಸಾನೇ ಬೇಡ, ದೆಹಲಿಯಿಂದ ಅಲ್ಮಾಟಿಗೆ ನೇರ ವಿಮಾನ ಇದೆ, ಮೂರು ಚಿಲ್ಲರೆ ಗಂಟೆ, ನಮ್ಮ ಟೈಮಿಗಿಂತ ಬರೀ ಅರ್ಧ ಗಂಟೆ ಹಿಂದೆ. ಎಲ್ಲಕ್ಕಿಂತ ಮುಖ್ಯ ಅಂದ್ರೆ ಸ್ಕೀ ಜಾಗ ಊರಿನ ಪಕ್ಕದಲ್ಲೇ ಇದೆ. ಅಲ್ಮಾಟಿ ಊರೊಳಗಿಂದ 12ನೇ ನಂಬರ್ ಸಿಟಿ ಬಸ್ ಮೆಡೆಯು ತನಕ ಬಿಡತ್ತೆ, ಅಲ್ಲಿಂದ ಗೊಂಡೋಲ (ಕೇಬಲ್ ಕಾರ್) ಹತ್ತಿದ್ರೆ ಶಿಂಬುಲಾಕ್. ಹಂಗಾಗಿ ಮೇಲೆ ರೆಸಾರ್ಟಲ್ಲಿ ಉಳಿಯೋ ದರ್ದಿಲ್ಲ, ಕೆಳಗೆ ಗೆಸ್ಟ್ ಹೌಸ್ ಮಾಡ್ಕೊಂಡ್ರೆ ಆಯ್ತು. ನಮ್ಮ ದುಡ್ಡು ಉಳಿದಿದ್ದೇ ಅಲ್ಲಿ.

ಶಿಂಬುಲಾಕ್ ಬುಡವೇ 2260 ಮೀಟರ್. ನಮ್ಮ ಮುಳ್ಳಯ್ಯನಗಿರಿ ತುದಿ 1930. ಅಂದ್ರೆ ಕರ್ನಾಟಕದ ನೆತ್ತಿಗಿಂತ ಮೇಲೆ ಟಿಕೆಟ್ ಕೌಂಟರ್. ಅಲ್ಲಿಂದ ಇನ್ನೂ ಲಿಫ್ಟ್ ಹತ್ತಿ, ಬೆಟ್ಟ ದಾಟೋ ಕಣಿವೆ ತಾಲ್ಗಾರ್ ಪಾಸ್‌ಗೆ ಹೋದ್ರೆ 3200 ಮೀಟರ್ ಹತ್ರ. ಮೊದಲ ದಿನ ಬೂಟ್ ಲೇಸ್ ಕಟ್ಟೋಕೆ ಬಗ್ಗಿದ್ರೇ ಏದುಸಿರು ಬರ್ತಿತ್ತು.

ಈಗ ಕಲಿಯೋರ ವಿಷಯ. ಬೇರೆ ಬೇರೆ ಲೆವೆಲ್ಲಿನವರು ಒಟ್ಟಿಗೆ ಹೋದಾಗ ದಿನಾ ಪೂರ್ತಿ ಒಟ್ಟಿಗೇ ಇರೋಣ ಅನ್ನೋ ಹಟ ಬಿಟ್ಬಿಡಿ. ಫ್ರೆಂಡ್ ನಾನೇ ಕಲಿಸ್ತೀನಿ ದುಡ್ಡು ಯಾಕೆ ದಂಡ ಅಂದಿದ್ದ, ಅಕ್ಕ ಕೇಳ್ಲಿಲ್ಲ, ಕೋಚ್ ಬೇಕೇ ಬೇಕು ಅಂತ ಕೂತ್ಲು, ಅದೇ ಸರಿಯಾಯ್ತು. ಚೆನ್ನಾಗಿ ಬರೋನಿಗೆ ತಾನು ಹೆಂಗೆ ಕಲಿತೆ ಅನ್ನೋದೇ ಮರ್ತೋಗಿರತ್ತೆ. ಕೋಚ್ ಹುಡುಗಿ ಮೊದಲು ಅಕ್ಕನ ಬೆನ್ನ ಹಿಂದೆ ಬಂದು ಮೆಲ್ಲಗೆ ತಳ್ಳಿದ್ಲು, ಅಕ್ಕ ಗಾಬರಿಯಿಂದ ಬಲಗಾಲು ಮುಂದಿಟ್ಲು, ಸರಿ ನಿಮಗೆ ಬೋರ್ಡಲ್ಲೂ ಬಲಗಾಲೇ ಮುಂದೆ ಅಂತ ಬೂಟನ್ನ ಬೋರ್ಡಿಗೆ ಬಿಗಿಯೋ ಬೈಂಡಿಂಗ್ ಹಂಗೇ ತಿರುಗಿಸಿ ಕೊಟ್ಲು. ಆಮೇಲೆ ಬರೀ ಹಿಮ್ಮಡಿ ಅಂಚಿನ ಮೇಲೆ ನಿಂತು ಅಡ್ಡಡ್ಡ ಜಾರೋದು, ಒಣಗಿದ ಎಲೆ ಬೀಳೋ ತರ ಆ ಕಡೆ ಈ ಕಡೆ ತೇಲ್ಕೊಂಡು ಇಳಿಯೋದು. ಇಳಿಜಾರಿನ ಕಡೆ ಇರೋ ಅಂಚು ಹಿಮಕ್ಕೆ ತಾಗಿದ್ರೆ ಮುಗೀತು, ಯಾರೋ ಕಾಲು ಹಿಡಿದು ಎಳೆದಂಗೆ ಬೀಳ್ತೀರ. ನಮ್ಮ ಸ್ಕೇಟ್‌ಬೋರ್ಡ್ ಹುಡುಗ ಬಿದ್ದಿದ್ದೆಲ್ಲ ಅದ್ರಿಂದಲೇ. ಅಕ್ಕ ಹೇಳಿದ ಮಾತು ಕೇಳ್ಕೊಂಡು ನಿಧಾನಕ್ಕೆ ಇಳಿದ್ಲು, ಮಧ್ಯಾಹ್ನದ ಹೊತ್ತಿಗೆ ಮಗನಿಗಿಂತ ಮುಂದೆ ಇದ್ಲು. ಕಲಿಯೋರಿಗೆ ಫುಲ್ ಡೇ ಲಿಫ್ಟ್ ಪಾಸ್ ತಗೋಬೇಡಿ, ಕೆಳಗಿನ ಸ್ಲೋಪ್ ಬಿಟ್ಟು ಮೇಲೆ ಹೋಗೋ ಅಷ್ಟು ಕಾಲಲ್ಲಿ ಶಕ್ತಿ ಇರಲ್ಲ. ಆ ದುಡ್ಡು ಕೋಚಿಗೆ ಹಾಕಿ. ಬಿದ್ರೆ ಕೈಯೂರೋದು ಅಭ್ಯಾಸ, ಮಣಿಕಟ್ಟು ಹೋಗತ್ತೆ, ಗಾರ್ಡ್ ಹಾಕಿ, ಕೂರೋ ಜಾಗಕ್ಕೂ ಪ್ಯಾಡ್ ಇರೋ ಚಡ್ಡಿ ಸಿಗತ್ತೆ, ನಾಚ್ಕೋಬೇಡಿ. ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳುವಾಗ ವಿಂಟರ್ ಸ್ಪೋರ್ಟ್ಸ್ ಸೇರಿದ್ಯಾ ಅಂತ ಓದಿ ನೋಡಿ, ಮಾಮೂಲಿ ಪಾಲಿಸಿಲಿ ಸುಮಾರು ಸಲ ಇರಲ್ಲ.

ಬಾಡಿಗೆ ಅಂಗಡಿ ಕಥೆ ಹೇಳದೇ ಬಿಟ್ರೆ ನಂಗೆ ನಿದ್ದೆ ಬರಲ್ಲ. ಊರೊಳಗೆ ತಗೊಂಡ್ರೆ ಮೇಲಿಗಿಂತ ಕಡಿಮೆ ಅಂತ ಒಂದು ಅಂಗಡಿಲಿ ಬೋರ್ಡು ಬೂಟು ತಗೊಂಡ್ವಿ. ಕೊಟ್ಟಾಗ ತುಂಬ ನಗು ಮುಖ. ವಾಪಸ್ ಕೊಡುವಾಗ ಆ ಮನುಷ್ಯ ಬೋರ್ಡ್ ತಿರುಗಿಸಿ ತಳದಲ್ಲಿ ಒಂದು ಗೀರಿನ ಮೇಲೆ ಉಗುರು ಓಡಿಸ್ತಾನೆ, ಹಳೇ ಗೀರು, ಒಳಗೆ ಮೇಣ ತುಂಬ್ಕೊಂಡು ಕಪ್ಪಾಗಿದೆ, ಆದ್ರೂ ನಿಮ್ದೇ ಅಂತಾನೆ. ಡೆಪಾಸಿಟ್ಟಲ್ಲಿ ಮುರ್ಕೊಂಡ. ಬೋರ್ಡ್ ಕೈಗೆ ಬಂದ ತಕ್ಷಣ ತಳ, ಎರಡೂ ಅಂಚು, ಬೈಂಡಿಂಗ್ ಸ್ಕ್ರೂ, ಎಲ್ಲ ಅವನ ಎದುರಿಗೇ ವಿಡಿಯೋ ಮಾಡ್ಕೊಳ್ಳಿ. ಬೂಟು ಹಾಕಿ ಮುಂದಕ್ಕೆ ಬಗ್ಗಿ ನೋಡಿ, ಹಿಮ್ಮಡಿ ಎದ್ರೆ ಸೈಜ್ ದೊಡ್ಡದು.

ಊಟ ನಂಗೆ ಅಷ್ಟಕ್ಕಷ್ಟೇ. ಕೇಳಿ ನೋಡಿ ತಗೊಳ್ಳಿ, ಕುದುರೆ ಮಾಂಸ ಅಲ್ಲಿ ಮಾಮೂಲಿ. ಲಗ್ಮಾನ್ ನೂಡಲ್ಸ್ ಚೆನ್ನಾಗಿತ್ತು. ಕಾಫಿ ಬಗ್ಗೆ ಮಾತಾಡಲ್ಲ. ಆದ್ರೆ ಚಹಾಕ್ಕೆ ಹಾಲು ಹಾಕ್ತಾರೆ, ಅಷ್ಟಕ್ಕೇ ಅಕ್ಕ ಖುಷಿ.

ಭಾವ ಮಾತ್ರ ಮೇಲೆ ಬರೋದು ಬಿಟ್ಟು ಗೆಸ್ಟ್ ಹೌಸಲ್ಲೇ ಉಳಿಯೋಕೆ ಶುರು ಮಾಡಿದ್ರು. ಬೇಜಾರಾಗಿದ್ಯೇನೋ ಅನ್ಕೊಂಡ್ವಿ. ಒಂದಿನ ನಾವು ಬೇಗ ಇಳಿದು ಬಂದ್ರೆ ಭಾವ ಹಿತ್ತಲಲ್ಲಿ ಮನೆ ಯಜಮಾನ ಅಜ್ಜನ ಜೊತೆ ಹಿಮದಲ್ಲಿ ಕುಕ್ಕರಗಾಲಲ್ಲಿ ಕೂತು ಸೇಬಿನ ಮರದ ಬುಡ ಕೆರೀತಿದಾರೆ. ಹಿತ್ತಲಲ್ಲಿ ಹಳೇ ಮರ ಒಂದಷ್ಟು, ಎಲೆ ಇಲ್ಲ, ಎಲ್ಲಕ್ಕೂ ಬುಡದಿಂದ ಮೊದಲ ಕವಲಿನ ತನಕ ಸುಣ್ಣ ಬಳಿದಿದೆ. ಸುಣ್ಣ ಕಂಡ ಮೇಲೆ ಭಾವ ಸುಮ್ನಿರ್ತಾರಾ? ನಮ್ಮಲ್ಲೂ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಮೊಟ್ಟೆ ಇಡದಂಗೆ ಸುಣ್ಣ ಬಳೀತಾರೆ. ಫೋನಲ್ಲಿ ಸೀಳಿದ ಕಾಂಡದ ಫೋಟೋ ಇತ್ತು, ಹುಳ ಕೊರೆದ ದಾರಿ, ಒಳಗೆ ಗಟ್ಟಿಯಾಗಿ ತುಂಬಿದ ಪುಡಿ, ಅದನ್ನ ತೋರಿಸಿ ನಿಮಗೂ ಇದೇ ಕಾಟನಾ ಅಂದ್ರು. ಅಜ್ಜನ ಮೊಮ್ಮಗಳಿಗೆ ಇಂಗ್ಲಿಷ್ ಬರ್ತಿತ್ತು, ಅವಳು ಕೇಳಿ ಹೇಳಿದ್ಲು, ಹುಳಕ್ಕಲ್ಲ, ಬಿಸಿಲಿಗೆ. ಚಳಿಗಾಲದಲ್ಲಿ ಹಗಲು ಬಿಸಿಲು ಬಿದ್ದು ತೊಗಟೆ ಬಿಸಿ ಆಗತ್ತೆ, ರಾತ್ರಿ ದಿಢೀರ್ ಅಂತ ಹೆಪ್ಪುಗಟ್ಟತ್ತೆ, ತೊಗಟೆ ಸೀಳತ್ತೆ, ಬಿಳಿ ಬಳಿದ್ರೆ ಬಿಸಿಲು ವಾಪಸ್ ಹೊಡಿಯತ್ತೆ.

ಭಾವ ಸ್ವಲ್ಪ ಹೊತ್ತು ಮರ ನೋಡ್ತಾ "ಎಂತ ಮಾರಾಯ, ಇಲ್ಲಿ ಬಿಸಿಲೇ ಹುಳ" ಅಂದ್ರು. ಅಜ್ಜನಿಗೆ ಅದನ್ನ ಹೇಳಿದ್ಮೇಲೆ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ನೆಲಮಾಳಿಗೆಯಿಂದ ಸೇಬು ತಂದ್ರು. ಅಪೋರ್ಟ್ ಅಂತ, ಅಲ್ಮಾಟಿಯ ಹೆಸರುವಾಸಿ ತಳಿ, ಒಂದು ಹಣ್ಣಿಗೆ ಎರಡೂ ಕೈ ಬೇಕು. ಹೋದ ವರ್ಷ ಕಿತ್ತಿದ್ದು, ಸಿಪ್ಪೆ ಸುಕ್ಕಾಗಿತ್ತು, ಆದ್ರೆ ಚಾಕು ಹಾಕಿದ ತಕ್ಷಣ ಕೋಣೆ ತುಂಬ ಘಮ. ಪೇಟೆಲಿ ಸಿಗೋ ಮೇಣ ಹಚ್ಚಿದ ಸೇಬು ಇದರ ಪಕ್ಕದಲ್ಲಿ ಬರೀ ನೀರು. ಪ್ರಪಂಚದ ಸೇಬಿಗೆಲ್ಲ ಮೂಲದ ಕಾಡುಸೇಬು ಬೆಳೆಯೋದು ಇದೇ ತಿಯೆನ್ ಶಾನ್ ಬೆಟ್ಟದಲ್ಲಿ ಅಂತ ಮೊಮ್ಮಗಳು ಹೇಳಿದ್ಲು, ಭಾವ ಬಿಡ್ತಾರಾ, ಬಾಬಾಬುಡನ್ ಗಿರಿ ಕಥೆ ಏಳು ಬೀಜದಿಂದ ಶುರು ಮಾಡಿದ್ರು. ಅಜ್ಜ ಸುತ್ತಲಿನ ಗುಡ್ಡದ ಕಡೆ ಕೈ ತೋರಿಸಿ, ಅವೆಲ್ಲ ತೋಟ ಇತ್ತು, ಈಗ ದುಡ್ಡಿರೋರ ಬಂಗಲೆ, ಮಗ ಸಿಟಿಲಿ, ಸಮರುವಿಕೆ ಗೊತ್ತಿರೋ ಆಳು ಸಿಗಲ್ಲ ಅಂದ್ರು. ಭಾವ ತರ್ಜುಮೆ ಆಗೋ ಮುಂಚೆನೇ ತಲೆ ಆಡಿಸ್ತಿದ್ರು. ನಮ್ಮಲ್ಲಿ ಬಂಗಲೆ ಬದಲು ಹೋಮ್‌ಸ್ಟೇ, ಅಷ್ಟೇ ವ್ಯತ್ಯಾಸ. ಅಕ್ಕನ ಮಗ ಅಲ್ಲೇ ಕೂತಿದ್ದ, ಫೋನ್ ನೋಡ್ತಾ. ಆಳಿನ ವಿಷಯ ಬಂದಾಗ ಫೋನ್ ಕೆಳಗಿಟ್ಟ, ಏನೂ ಮಾತಾಡ್ಲಿಲ್ಲ.

ಅವತ್ತು ಸಂಜೆ ಬೋರ್ಡಿಂಗ್ ಪ್ಲಾನ್ ಇತ್ತು, ಯಾರೂ ಎದ್ದು ಹೋಗ್ಲಿಲ್ಲ, ಫ್ರೆಂಡ್ ಒಬ್ಬನೇ ಗೊಣಗ್ತಾ ಹೋದ.

ಲೆಕ್ಕದ ವಿಷಯ ಒಂದು. ರೂಮು, ಟ್ಯಾಕ್ಸಿ, ಊಟ ಸಮಪಾಲು, ಲಿಫ್ಟ್ ಪಾಸು, ಬೋರ್ಡು, ಕೋಚು ಅವರವರದು ಅಂತ ಹೊರಡೋಕೆ ಮುಂಚೆನೇ ಮಾತಾಡ್ಕೊಳ್ಳಿ, ಇಲ್ದಿದ್ರೆ ಸುಮ್ನೆ ಕೂತವರ ಮೇಲೂ ಲಿಫ್ಟ್ ದುಡ್ಡು ಬೀಳತ್ತೆ, ಮನಸ್ತಾಪ. ಈಗ ಮುಂದಿನ ಟ್ರಿಪ್ ಬಗ್ಗೆ ಗ್ರೂಪಲ್ಲಿ ಜಗಳ ನಡೀತಿದೆ. ಫ್ರೆಂಡ್ ಗುಡೌರಿ ಅಂತಾನೆ, ಭಾವ ಸೆಪ್ಟೆಂಬರಲ್ಲಿ ಅಲ್ಮಾಟಿಗೇ ಹೋಗೋಣ, ಸೇಬು ಕೀಳೋದು ನೋಡ್ಬೇಕು ಅಂತಾರೆ, ಆಗ ಹಿಮ ಎಲ್ಲಿರತ್ತೆ ಅಂದ್ರೆ ಉತ್ತರ ಇಲ್ಲ. ಗುಡೌರಿಗೆ ಹೋಗಿ ಬಂದವರು ಯಾರಾದ್ರೂ ಇದ್ರೆ ಬಿಗಿನರ್ ಸ್ಲೋಪ್ ಹೆಂಗಿದೆ ಹೇಳಿ, ಅಕ್ಕ ಕೇಳ್ತಿದಾಳೆ.