‘ಐ7 ಗೇಮಿಂಗ್ ಪಿಸಿ ಇಪ್ಪತ್ತು ಸಾವಿರಕ್ಕೆ ಸಿಗ್ತಿದೆ, ತಗೊಳ್ಳಲಾ?’

ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಒಮ್ಮೆ ಮಗನ ಕಾಲೇಜಿಗೆ, ಒಮ್ಮೆ ಜಿಟಿಎ ಆಡೋಕೆ, ಒಮ್ಮೆ ಟಿವಿಗೆ ಸಿಕ್ಕಿಸಿ ಸಿನಿಮಾ ನೋಡೋಕೆ. ಜೊತೆಗೆ ಜಾಹೀರಾತಿನ ಒಂದು ಫೋಟೊ: ಬಣ್ಣಬಣ್ಣದ ಫ್ಯಾನ್ ತಿರುಗುವ ಕ್ಯಾಬಿನೆಟ್, ಕೆಳಗೆ ‘ಕೋರ್ ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಅಂತ ಒಂದು ಸಾಲು. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬೇಡ. ಯಾಕೆ ಬೇಡ, ಅದೇ ದುಡ್ಡಿಗೆ ಅಥವಾ ಇನ್ನಷ್ಟು ಸೇರಿಸಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಸ್ವಲ್ಪ ವಿವರ ಬೇಕು.

ಆ ಸಾಲಿನಲ್ಲಿ ಸುಳ್ಳೇನೂ ಇರುವುದಿಲ್ಲ, ಮುಚ್ಚಿಟ್ಟದ್ದು ಮಾತ್ರ ಬಹಳ. ಐ7 ಅನ್ನುವುದು ಆಯಾ ವರ್ಷದ ಪ್ರೊಸೆಸರ್‌ಗಳಲ್ಲಿ ಅದರ ದರ್ಜೆ, ಅಷ್ಟೆ. ಯಾವ ತಲೆಮಾರಿನದು ಎಂದು ತಿಳಿಯಲು ನಂತರದ ಅಂಕಿ ನೋಡಬೇಕು. ಇಂಥ ಪಿಸಿಗಳಲ್ಲಿ ಸಾಮಾನ್ಯವಾಗಿ ಕೂತಿರುವುದು ಐ7-2600 ಅಥವಾ ಐ7-3770. ಮೊದಲನೆಯದು 2011ರದ್ದು, ಎರಡನೆಯದು 2012ರದ್ದು. ಎರಡಕ್ಕೂ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಸಾಲು). 2022ರಲ್ಲಿ ಬಂದ ಐ3-12100ಕ್ಕೂ ಅಷ್ಟೇ ಕೋರ್, ಅಷ್ಟೇ ಥ್ರೆಡ್. ಆದರೆ ಕೋರಿಗೆ ಕೋರ್ ಹೋಲಿಸಿದರೆ ಹಳೆಯ ಐ7 ಈ ಐ3ರ ಹತ್ತಿರಕ್ಕೂ ಬರುವುದಿಲ್ಲ. ಎವಿಎಕ್ಸ್2 ಎಂಬ ಸೂಚನಾ ಸಮೂಹ (ಪ್ರೊಸೆಸರ್‌ಗೆ ತಿಳಿಯುವ ಆದೇಶಗಳ ಗುಂಪು) ಆ ಎರಡು ತಲೆಮಾರಿನಲ್ಲಿ ಇಲ್ಲವೇ ಇಲ್ಲ. ಅದನ್ನು ಬೇಡುವ ಕೆಲವು ಹೊಸ ಆಟಗಳು ನಿಧಾನವಾಗುವುದಿರಲಿ, ತೆರೆದುಕೊಳ್ಳುವುದೇ ಇಲ್ಲ.

ಇನ್ನೊಂದು ತೊಡಕು ವಿಂಡೋಸ್‌ನದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ. ಅಡ್ಡದಾರಿಯಲ್ಲಿ ಹಾಕಬಹುದು, ಹಾಕಿಯೂ ಕೊಡುತ್ತಾರೆ. ಆದರೆ ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಬೇಕಾದರೆ ಟಿಪಿಎಂ 2.0, ಸೆಕ್ಯೂರ್ ಬೂಟ್ (ಪಿಸಿ ಶುರುವಾಗುವಾಗ ನಡೆಯುವ ಭದ್ರತಾ ತಪಾಸಣೆ) ಎರಡೂ ಚಾಲೂ ಇರಲೇಬೇಕು. ಇಲ್ಲದಿದ್ದರೆ ಪಿಸಿ ಮನೆಗೆ ಬಂದ ಸಂಜೆಯೇ ಆಟ ಬಾಗಿಲು ಹಾಕುತ್ತದೆ.

‘4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಅನ್ನುವುದರ ಕಥೆಯೂ ಇದೇ. ಹೆಚ್ಚಾಗಿ ಅದು ಜಿಟಿ 730 ಎಂಬ ಹಳೆಯ, ನಿಧಾನದ ಕಾರ್ಡ್. ಕಾರ್ಡಿನ ಮೇಲೆ ಎಷ್ಟು ಜಿಬಿ ಇದೆ ಎನ್ನುವುದಕ್ಕಿಂತ ಆ ಮೆಮೊರಿ ಸೆಕೆಂಡಿಗೆ ಎಷ್ಟು ಸಾಗಿಸಬಲ್ಲದು ಎನ್ನುವುದು ಆಟಕ್ಕೆ ಮುಖ್ಯ. ಜಿಟಿ 1030 ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಬಂದಾಗ ಅದರ ವೇಗ ಸೆಕೆಂಡಿಗೆ 48 ಜಿಬಿ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಆವೃತ್ತಿ ಬಂತು: 16.8 ಜಿಬಿ. ಡಬ್ಬಿ ಒಂದೇ ಥರ, ಹೆಸರು ಅದೇ, ಒಳಗಿನ ಮೆಮೊರಿಯ ವೇಗ ಮಾತ್ರ ಮೊದಲಿನದರ ಸುಮಾರು ಮೂರನೇ ಒಂದು ಪಾಲು. ಸಾಧಾರಣ ಬಜೆಟ್ ಕಾರ್ಡ್ ಆದ ಆರ್‌ಎಕ್ಸ್ 6600ರಲ್ಲಿ ಇದೇ ಅಂಕಿ 224. ಆರ್‌ಟಿಎಕ್ಸ್ 3050 ಕೂಡ ಎರಡು ರೂಪದಲ್ಲಿ ಸಿಗುತ್ತದೆ. 8 ಜಿಬಿಯದು 224, 6 ಜಿಬಿಯದು 168. ಎರಡನೆಯದರಲ್ಲಿ ಕೋರ್‌ಗಳೂ ಕಡಿಮೆ. ಅಂಗಡಿಯವರು ‘3050’ ಅಂದರೆ ಎಷ್ಟು ಜಿಬಿಯದು ಎಂದು ಕೇಳಿಯೇ ಮುಂದಿನ ಮಾತು.

ಹಾಗಾದರೆ ಲೆಕ್ಕ ಎಲ್ಲಿಂದ ಶುರು ಮಾಡಬೇಕು? ಮಾನಿಟರ್‌ನಿಂದ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿರುತ್ತವೆ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಒಂದೊಂದು ಫ್ರೇಮಿಗೂ ಇಷ್ಟು ಚುಕ್ಕಿಗಳನ್ನು ಬರೆಯುವುದು ಗ್ರಾಫಿಕ್ಸ್ ಕಾರ್ಡಿನ ಪಾಡು. ಬಜೆಟ್ ಬಿಗಿ ಇದ್ದಾಗ 24 ಇಂಚಿನ 1080ಪಿ ಐಪಿಎಸ್ ಮಾನಿಟರ್ ಸಾಕು, 100 ಹರ್ಟ್ಸ್ (ಸೆಕೆಂಡಿಗೆ 100 ಬಾರಿ ಚಿತ್ರ ಬದಲಿಸುವುದು) ಅಥವಾ ಅದಕ್ಕಿಂತ ಮೇಲಿನದು ಇರಲಿ. 27 ಇಂಚಿನ 1080ಪಿ ತಗೊಂಡರೆ ಮೇಜಿನ ದೂರದಲ್ಲಿ ಅಕ್ಷರಗಳು ಒರಟಾಗಿ ಕಾಣುತ್ತವೆ. ಮನೆಯ 4ಕೆ ಟಿವಿಗೆ ಸಿಕ್ಕಿಸುವವರು ಆಟವನ್ನು 1080ಪಿಗೆ ಇಳಿಸಿಕೊಂಡು ಟಿವಿಯಲ್ಲಿ ಗೇಮ್ ಮೋಡ್ ಹಾಕಬೇಕು. ಇಲ್ಲದಿದ್ದರೆ ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಕೈ ಅಲ್ಲಾಡಲು ತಡವಾಗುತ್ತದೆ. ಅದು ಪಿಸಿಯ ತಪ್ಪಲ್ಲ, ಚಿತ್ರ ಚಂದ ಮಾಡಲು ಹೊರಟ ಟಿವಿಯದು.

ಮಾನಿಟರ್ ಬಿಟ್ಟು ಉಳಿದ ಹಣದಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ನೂರಕ್ಕೆ 35ರಿಂದ 40 ಪಾಲು, ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ ಸೇರಿಸಿ ಕಾಲು ಪಾಲು, ಪಿಸಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್‌ಗೆ 8 ಪಾಲು ಎಂದು ತೆಗೆದಿಡಿ. ಉಳಿದದ್ದರಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್. ರೂಪಾಯಿಯಲ್ಲಿ ಹೇಳದೆ ಪಾಲಿನಲ್ಲಿ ಹೇಳಲು ಕಾರಣವಿದೆ. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ವಿಪರೀತ ಏರಿತು, ಎಸ್‌ಎಸ್‌ಡಿಯೂ ಅದರ ಹಿಂದೆಯೇ ಹೋಯಿತು. ಇವತ್ತು ಬರೆದ ಬೆಲೆ ಮುಂದಿನ ತಿಂಗಳಿಗೆ ಉಪಯೋಗಕ್ಕೆ ಬಾರದು. ಹಳೆಯ ಪಿಸಿಯಲ್ಲಿ ಡಿಡಿಆರ್4 ಕಡ್ಡಿಗಳಿದ್ದರೆ ಮಾರಬೇಡಿ, ಅವನ್ನೇ ಹೊಸದಕ್ಕೆ ಹಾಕಿಕೊಳ್ಳುವ ಹಾಗೆ ಬೋರ್ಡ್ ಆರಿಸಿ.

ಪ್ರೊಸೆಸರ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ರೈಜೆನ್ 5 5600 ಅಥವಾ ಐ5-12400, ಎರಡೂ 6 ಕೋರ್ 12 ಥ್ರೆಡ್, ಎರಡರ ಡಬ್ಬಿಯಲ್ಲೂ ಕೂಲರ್ ಬರುತ್ತದೆ, ಎರಡಕ್ಕೂ ಡಿಡಿಆರ್4 ಬೋರ್ಡ್ ಸಿಗುತ್ತದೆ. ಮುಂದೆ ಪ್ರೊಸೆಸರ್ ಬದಲಿಸುವ ಆಸೆ ಇದ್ದರೆ ಎಎಂಡಿಯ ಎಎಂ5 ಸಾಕೆಟ್‌ನ (ಪ್ರೊಸೆಸರ್ ಕೂರುವ ಜಾಗ) ಬೋರ್ಡಿಗೆ ಹೋಗಬಹುದು, ಆದರೆ ಅದಕ್ಕೆ ಡಿಡಿಆರ್5 ಬಿಟ್ಟು ಬೇರೆ ರ‍್ಯಾಮ್ ಕೂರುವುದಿಲ್ಲ. ಇಂಟೆಲ್‌ನಲ್ಲಿ ಕೊನೆಗೆ ‘ಎಫ್’ ಅಂತಿದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಸ್ವಲ್ಪ ಅಗ್ಗ, ನಿಜ. ಆದರೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟು ಸರ್ವೀಸಿಗೆ ಹೋದ ದಿನ ಇಡೀ ಪಿಸಿ ಮೂಲೆಗೆ. ವ್ಯತ್ಯಾಸ ಸಣ್ಣದಿದ್ದರೆ ಎಫ್ ಇಲ್ಲದ್ದನ್ನೇ ತಗೊಳ್ಳಿ. ರೈಜೆನ್ 5 5600ರಲ್ಲೂ ಒಳಗಿನ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ.

ಈ 5600ಜಿ, ಕಾರ್ಡಿಗೆ ಈಗ ದುಡ್ಡಿಲ್ಲ ಎನ್ನುವವರ ದಾರಿ. ವ್ಯಾಲರಂಟ್, ಡೋಟಾ 2, ಜಿಟಿಎ 5 ಇವನ್ನೆಲ್ಲ ಕಡಿಮೆ ಸೆಟ್ಟಿಂಗ್‌ನಲ್ಲಿ ಆಡಬಹುದು. ಆದರೆ ಇಲ್ಲೇ ಬಹುತೇಕರು ಎಡವುವುದು. ಈ ಚಿಪ್‌ಗೆ ಸ್ವಂತ ಗ್ರಾಫಿಕ್ಸ್ ಮೆಮೊರಿ ಇಲ್ಲ, ಮಾಮೂಲಿ ರ‍್ಯಾಮನ್ನೇ ಪ್ರೊಸೆಸರ್ ಜೊತೆ ಹಂಚಿಕೊಳ್ಳುತ್ತದೆ. ಡಿಡಿಆರ್4-3200ರ ಒಂದು ಕಡ್ಡಿ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ. ಎರಡು ಕಡ್ಡಿ ಎರಡು ಚಾನೆಲ್‌ನಲ್ಲಿ ಕೂತರೆ 51.2. ‘ಈಗ 16ರದ್ದು ಒಂದೇ ಹಾಕ್ಸಿ, ಆಮೇಲೆ ಇನ್ನೊಂದು ಹಾಕಬಹುದು’ ಎಂದು ಅಂಗಡಿಯಲ್ಲಿ ಹೇಳುವ ಮಾತು ಆಫೀಸ್ ಪಿಸಿಗೆ ಸರಿ. 5600ಜಿಗೆ ಅದು ಅರ್ಧ ಉಸಿರು. 8ರ ಎರಡು ಕಡ್ಡಿ ಕೇಳಿ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಕೂರಬೇಕು, ಪಕ್ಕಪಕ್ಕದಲ್ಲಿ ಅಲ್ಲ. ಆಮೇಲೆ ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ, ರ‍್ಯಾಮನ್ನು ಅದರ ಪೂರ್ಣ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಬೇಕು. ಮಾಡದಿದ್ದರೆ 3200ಕ್ಕೆ ದುಡ್ಡು ಕೊಟ್ಟ ರ‍್ಯಾಮ್ 2400 ಅಥವಾ 2666ರಲ್ಲೇ ತೆವಳುತ್ತಿರಬಹುದು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ವೇಗ, ತುಂಬಿದ ಸ್ಲಾಟ್ ಎರಡೂ ಕಾಣುತ್ತವೆ.

ಸಿನಿಮಾ, ಯೂಟ್ಯೂಬ್‌ಗೆ ಯಾವ ಹೊಸ ಪಿಸಿಯೂ ಸಾಕು ಎನ್ನುವುದು ಮುಕ್ಕಾಲು ನಿಜ. ಉಳಿದ ಕಾಲು ಎವಿ1 ಎಂಬ ಕೋಡೆಕ್‌ನದು, ಅಂದರೆ ವಿಡಿಯೊ ಕುಗ್ಗಿಸುವ ಒಂದು ವಿಧಾನದ್ದು. ಯೂಟ್ಯೂಬ್ ಬಹಳಷ್ಟು ವಿಡಿಯೊಗಳನ್ನು ಈಗ ಈ ಕೋಡೆಕ್‌ನಲ್ಲಿ ಕಳಿಸುತ್ತದೆ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಒಳಗ್ರಾಫಿಕ್ಸ್, ಆರ್‌ಟಿಎಕ್ಸ್ 30 ಸರಣಿ, ಆರ್‌ಎಕ್ಸ್ 6600 ಇವೆಲ್ಲ ಎವಿ1 ಅನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತವೆ. 5600ಜಿ ಬಿಡಿಸುವುದಿಲ್ಲ. ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಹೊಸ ಸರಣಿಯವೇ ಆದರೂ ಅವೂ ಬಿಡಿಸುವುದಿಲ್ಲ. ಬಿಡಿಸದಿದ್ದರೆ ವಿಡಿಯೊ ಓಡುತ್ತದೆ, ಆದರೆ ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಫ್ಯಾನ್ ಗಿರ್ ಅನ್ನುತ್ತದೆ. ಆ ಎರಡು ಕಾರ್ಡ್‌ಗಳನ್ನು ಬಿಡಲು ಇನ್ನೊಂದು ಕಾರಣವೂ ಉಂಟು: ಅವು ಬೋರ್ಡಿನ ಜೊತೆ ಮಾತಾಡುವುದು ನಾಲ್ಕೇ ಲೇನ್‌ನಲ್ಲಿ (ಮಾಹಿತಿ ಓಡುವ ದಾರಿ). ಕಾರ್ಡ್ ಕೂರುವ ಸ್ಲಾಟ್ ಹಳೆಯ ಪಿಸಿಐಇ 3.0 ಆಗಿರುವ ಬೋರ್ಡಿಗೆ ಹಾಕಿದರೆ ಎದ್ದು ಕಾಣುವಷ್ಟು ಕುಂಟುತ್ತವೆ.

ಇನ್ನು ಎಸ್‌ಎಂಪಿಎಸ್. ನಮ್ಮಲ್ಲಿ ಅದನ್ನು ಕ್ಯಾಬಿನೆಟ್ ಜೊತೆ ಫ್ರೀ ಬರುವ ಡಬ್ಬ ಎಂದೇ ನೋಡುವ ರೂಢಿ. ಆ ಡಬ್ಬದ ಪಕ್ಕದ ಲೇಬಲ್ ಒಮ್ಮೆ ಓದಿ. ಮೇಲೆ ದೊಡ್ಡದಾಗಿ 450 ಎಂದಿರಬಹುದು. ಕೆಳಗಿನ ಪಟ್ಟಿಯಲ್ಲಿ +12ವಿ ಎದುರು 16ಎ ಅಂತಿದ್ದರೆ 12ನ್ನು 16ರಿಂದ ಗುಣಿಸಿ: 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ 12 ವೋಲ್ಟ್ ಬಟ್ಟಲಿನಿಂದಲೇ. ಆರ್‌ಎಕ್ಸ್ 6600ಗೆ 132 ವ್ಯಾಟ್, ಪ್ರೊಸೆಸರ್‌ಗೆ ಸುಮಾರು 80, ಬೋರ್ಡು ಡ್ರೈವು ಫ್ಯಾನು ಸೇರಿ 40 ಹಿಡಿದರೆ 250 ದಾಟಿತು. ಪರಿಣಾಮ: ಡೆಸ್ಕ್‌ಟಾಪ್‌ನಲ್ಲಿ ಎಲ್ಲ ಸರಿ, ಆಟ ಶುರುವಾಗಿ ಹತ್ತು ನಿಮಿಷಕ್ಕೆ ಪಟ್ ಅಂತ ಆಫ್. ಎಲ್ಲರೂ ಕಾರ್ಡನ್ನು ಬೈಯುತ್ತಾರೆ. ಕಾರ್ಡಿನ ಉಷ್ಣತೆ 80 ಡಿಗ್ರಿಯೊಳಗಿದ್ದು, ನೀಲಿ ಪರದೆ ಬರದೆ ನೇರ ಕತ್ತಲಾದರೆ, ವಿಂಡೋಸ್‌ನ ದಾಖಲೆ ಪುಟವಾದ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 (ಪಿಸಿ ಹಠಾತ್ ಆಫ್ ಆದ ದಾಖಲೆ) ಅಷ್ಟೇ ಕಂಡರೆ, ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲಿರಲಿ. ಹೆಸರುಳ್ಳ ಕಂಪನಿಯ 80 ಪ್ಲಸ್ ಬ್ರಾಂಜ್ (ದಕ್ಷತೆಯ ಗುರುತು) 450 ವ್ಯಾಟ್‌ನದು ಈ ಜೋಡಿಗೆ ಸಾಕು; 550 ಇದ್ದರೆ ಮುಂದೆ ಕಾರ್ಡ್ ಬದಲಿಸಲು ಜಾಗ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂಬ ದೂರೂ ಆಗಾಗ ಬರುತ್ತದೆ. ಎಸ್‌ಎಂಪಿಎಸ್ ಕೆಟ್ಟಿದೆ ಎಂದು ವಾಪಸ್ ಕೊಡುವ ಮುನ್ನ ಗೋಡೆಯ ಪ್ಲಗ್ ನೋಡಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸಣ್ಣ ಪ್ರಮಾಣದ ಕರೆಂಟನ್ನು ಅರ್ಥಿಂಗ್‌ಗೆ ಬಿಡುವುದು ಅವುಗಳ ಸಹಜ ಕೆಲಸ. ಮನೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ, ಅಥವಾ ಮೂರು ಪಿನ್ನಿನ ವೈರನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದ್ದರೆ, ಅದು ಕ್ಯಾಬಿನೆಟ್‌ನ ಲೋಹಕ್ಕೆ ಬಂದು ನಿಲ್ಲುತ್ತದೆ. ಹಳೆಯ ಮನೆಗಳಲ್ಲಿ ಎಲೆಕ್ಟ್ರಿಷಿಯನ್ ಕರೆಸುವುದೇ ದಾರಿ. ಯುಪಿಎಸ್ ಬೇಕೇ ಎಂದರೆ, ಬೇಕು. ಮಾಮೂಲಿ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್. ಕರೆಂಟ್ ಹೋದಾಗ ಆಟ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ನಿಮಿಷ ಸಿಗುತ್ತದೆ, ಪೂರ್ತಿ ಆಡಲು ಅಲ್ಲ. ಮನೆಗೆಲ್ಲ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್‌ನದೋ, ಹಿಂದೆ ಯುಪಿಎಸ್ ಮೋಡ್‌ನ ಸ್ವಿಚ್ ಇದೆಯೋ ನೋಡಿ.

ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ (ಎಸ್‌ಎಸ್‌ಡಿಯ ವೇಗದ ಬಗೆ) ಇರಲಿ. ಒಂದೊಂದು ದೊಡ್ಡ ಆಟ 100 ಜಿಬಿ ದಾಟುತ್ತದೆ, 1 ಟಿಬಿ ಎಂದದ್ದು ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುತ್ತದೆ. ಸಿನಿಮಾ ಸಂಗ್ರಹಕ್ಕೆ ಹಳೆಯ ಹಾರ್ಡ್‌ಡಿಸ್ಕ್ ಸಾಕು. ಕ್ಯಾಬಿನೆಟ್‌ನ ಮುಂಭಾಗ ಜಾಲರಿಯದಿರಲಿ. ರಾಯಚೂರು, ಕಲಬುರಗಿ ಬೇಸಿಗೆಯಲ್ಲಿ ಮುಂದೆ ಗಾಜು ಮುಚ್ಚಿದ ಡಬ್ಬ ಒಲೆಯಾಗುತ್ತದೆ, ಒಳಗೆ ಎಷ್ಟು ಬಣ್ಣದ ದೀಪ ಇದ್ದರೇನು.

ಬೆಂಗಳೂರಿನಲ್ಲಿ ಕೊಳ್ಳುವವರಿಗೆ ಎಸ್‌ಪಿ ರೋಡ್ ಇದ್ದೇ ಇದೆ. ಒಂದೇ ಪಟ್ಟಿಯನ್ನು ಮೂರು ಅಂಗಡಿಯಲ್ಲಿ ಕೊಟ್ಟು ಬರೆಸಿಕೊಳ್ಳಿ, ಮಾದರಿ ಸಂಖ್ಯೆ ಪೂರ್ತಿ ಬರೆಯಲು ಹೇಳಿ. ‘16 ಜಿಬಿ ರ‍್ಯಾಮ್, 450 ಎಸ್‌ಎಂಪಿಎಸ್’ ಅಂತ ಬರೆದ ಕೊಟೇಶನ್‌ಗೆ ಅರ್ಥವಿಲ್ಲ. ಬಿಲ್ ಇಲ್ಲದೆ ಕೊಟ್ಟರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತದೆ ಎನ್ನುವ ಮಾತಿಗೆ ಮಾರುಹೋದರೆ ವಾರಂಟಿಯ ದಿನ ಕೈಯಲ್ಲಿ ಕಾಗದ ಇರುವುದಿಲ್ಲ. ಸೀರಿಯಲ್ ನಂಬರ್ ಬಿಲ್ ಮೇಲೆ ಇರಲಿ. ಪ್ರೊಸೆಸರ್ ಡಬ್ಬಿ ಸಮೇತದ್ದೇ ಕೇಳಿ, ಡಬ್ಬಿಯಿಲ್ಲದೆ ಬಿಡಿಯಾಗಿ ಬರುವ ಟ್ರೇ ಮಾಲಿಗೆ ಸಾಮಾನ್ಯವಾಗಿ ಅಂಗಡಿಯವರ ಮಾತೇ ವಾರಂಟಿ.

ಪಿಸಿ ಮನೆಗೆ ಬಂದ ದಿನ ಮೊದಲು ನೋಡಬೇಕಾದ್ದು ಎಚ್‌ಡಿಎಂಐ ವೈರ್ ಎಲ್ಲಿದೆ ಎಂದು. ಹಿಂಭಾಗದಲ್ಲಿ ಮೇಲೆ, ಯುಎಸ್‌ಬಿಗಳ ಪಕ್ಕ ಇರುವುದು ಬೋರ್ಡಿನದು. ಕೆಳಗೆ ಅಡ್ಡಡ್ಡ ಕೂತಿರುವುದು ಕಾರ್ಡಿನದು. ಕೆಳಗಿನದಕ್ಕೇ ಹಾಕಬೇಕು. ಮೇಲೆ ಹಾಕಿ ‘ಹೊಸ ಕಾರ್ಡ್ ಸ್ಲೋ’ ಅನ್ನುವವರು ಇಂದಿಗೂ ಕಡಿಮೆಯಿಲ್ಲ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ ರಿಫ್ರೆಶ್ ರೇಟ್ ನೋಡಿ. 144 ಹರ್ಟ್ಸ್ ಮಾನಿಟರ್ 60ರಲ್ಲೇ ವರ್ಷಗಟ್ಟಲೆ ಓಡುವುದುಂಟು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ಕಾರ್ಡಿನ ಹೆಸರು, ಮೆಮೊರಿಯ ಬಗೆ ತಾಳೆ ಹಾಕಿ. ಹಳೆಯ ಕಾರ್ಡಿನ ಬಯಾಸ್ ತಿದ್ದಿ ಹೊಸ ಹೆಸರು ಕೊಟ್ಟಿದ್ದರೆ ಅದು ಸಾಮಾನ್ಯವಾಗಿ ‘ಫೇಕ್’ ಎಂದೇ ತೋರಿಸುತ್ತದೆ.

ಕೊನೆಗೆ, ನಿಜವಾಗಿಯೂ ಕೈಯಲ್ಲಿರುವುದು ಇಪ್ಪತ್ತು ಸಾವಿರವೇ ಆದರೆ? ಬಣ್ಣದ ಫ್ಯಾನಿನ ಐ7 ಬಿಟ್ಟು, ಆಫೀಸುಗಳಿಂದ ಹೊರಬಂದ ರೀಫರ್ಬಿಶ್ಡ್ ಡೆಸ್ಕ್‌ಟಾಪ್‌ಗಳಲ್ಲಿ ಐ5-8500 ಇರುವುದನ್ನು ಹುಡುಕಿ. 2018ರದ್ದು, 6 ಕೋರ್, ವಿಂಡೋಸ್ 11ರ ಪಟ್ಟಿಯಲ್ಲಿದೆ. ಸದ್ಯಕ್ಕೆ ಹಗುರ ಆಟಗಳು, ಸಿನಿಮಾ ಅದರಲ್ಲೇ ನಡೆಯಲಿ. ಇನ್ನಷ್ಟು ಹಣ ಕೂಡಿದ ಮೇಲೆ 6 ಜಿಬಿಯ ಆರ್‌ಟಿಎಕ್ಸ್ 3050 ಹಾಕಬಹುದು. ಅದಕ್ಕೆ ಬೇಕಾದ್ದು 70 ವ್ಯಾಟ್, ಸ್ಲಾಟೇ 75 ಕೊಡುತ್ತದೆ. ಬಹುತೇಕ ಮಾದರಿಗಳಿಗೆ ಬೇರೆ ಪವರ್ ವೈರ್ ಬೇಡ. ಈ ಆಫೀಸ್ ಡಬ್ಬಗಳ ಎಸ್‌ಎಂಪಿಎಸ್‌ಗೆ ಕಂಪನಿಯ ಸ್ವಂತ ಕನೆಕ್ಟರ್ ಇರುವುದೇ ಹೆಚ್ಚು, ಅಂಗಡಿಯ ಮಾಮೂಲಿ ಎಸ್‌ಎಂಪಿಎಸ್ ಕೂರುವುದಿಲ್ಲ. ಹಾಗಾಗಿ ಈ ಕಾರ್ಡೇ ಅದಕ್ಕೆ ಹೊಂದುವುದು. ಕೊಳ್ಳುವಾಗ ಟವರ್ ಆಕಾರದ್ದೇ ಸಿಕ್ಕರೆ ಒಳ್ಳೆಯದು. ತೆಳು ಡಬ್ಬವಾದರೆ ಲೋ ಪ್ರೊಫೈಲ್ ಕಾರ್ಡ್ ಬೇಕಾಗುತ್ತದೆ, ಅದರ ಜೊತೆ ಗಿಡ್ಡ ಬ್ರಾಕೆಟ್ ಡಬ್ಬಿಯಲ್ಲಿದೆಯೇ ಎಂದು ದುಡ್ಡು ಕೊಡುವ ಮುಂಚೆ ತೆಗೆಸಿ ನೋಡಿ.